ನಾಲ್ಕನೆಯವಳು

ಹಜಾರದ ಗಡಿಯಾರ ನಿಂತು ಎರಡು ದಿನವಾಗಿತ್ತು. ಸ್ಟೂಲು ಹತ್ತಿ ಕೆಳಗಿಳಿಸಿ ಹಿಂದಿನ ಮುಚ್ಚಳ ತೆಗೆದೆ. ಒಳಗೆ ಸೆಲ್ಲು ಬೆಳ್ಳಗೆ ಹುಡಿ ಉದುರಿಸಿಕೊಂಡು ಅಂಟಿ ಕೂತಿತ್ತು. ತುಕ್ಕು ಮತ್ತು ಹುಳಿ ಸೇರಿದಂಥ ಆ ವಾಸನೆ ನಿಮಗೂ ಗೊತ್ತಿರಬೇಕು, ಹಳೆಯ ಟಾರ್ಚಿನದು. ಉಗುರಿನಿಂದ ಎಬ್ಬಿಸಿ ತಿರುಗಿಸಿ ನೋಡಿದರೆ ಮೈಮೇಲೆ ಮಾರ್ಕರಿನಲ್ಲಿ ಬರೆದ ಒಂದೇ ಅಕ್ಷರ: 'ಕ್ಯಾ'.

ಅದು ಗುಂಡ್ಲುಪೇಟೆಯ ನನ್ನ ಸೋದರಮಾವನ ಅಕ್ಷರ. 'ಕ್ಯಾ' ಎಂದರೆ ಕ್ಯಾಮೆರಾ. ಟೀವಿ ರಿಮೋಟಿನ ಸೆಲ್ಲುಗಳ ಮೇಲೆ 'ರಿ' ಇರುತ್ತಿತ್ತು, ಟಾರ್ಚಿನವುಗಳ ಮೇಲೆ 'ಟಾ'. ಮಾವ ತರಕಾರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಮೂಟೆಗಳ ಮೇಲೆ ಅಕ್ಷರ ಬರೆದೂ ಬರೆದೂ, ಗುರುತಿಲ್ಲದ ಯಾವ ವಸ್ತುವನ್ನೂ ಅವನು ನಂಬುತ್ತಿರಲಿಲ್ಲ.

ಕ್ಯಾಮೆರಾ ಬಂದದ್ದು ಎರಡು ಸಾವಿರದ ಮೂರರಲ್ಲಿ. ಮಂಡಿಗೆ ಬರುತ್ತಿದ್ದ ಕೇರಳದ ವ್ಯಾಪಾರಿಯೊಬ್ಬನಿಂದ ಮಾವ ಅದನ್ನು ಕೊಂಡಿದ್ದ. ಬೆಳ್ಳಿ ಬಣ್ಣದ್ದು, ಸೋಪಿನ ಡಬ್ಬಿಯಷ್ಟು ಗಾತ್ರ. ರೀಲು ಬೇಡ, ತೊಳೆಸುವುದು ಬೇಡ, ಎಷ್ಟು ಬೇಕಾದರೂ ತೆಗೆಯಬಹುದು ಎಂದು ತಿಳಿದ ಮೇಲೆ ಆ ಮನೆಯಲ್ಲಿ ಫೋಟೋ ತೆಗೆಸಿಕೊಳ್ಳದ ಜೀವವಿರಲಿಲ್ಲ. ಚೆಂಡು ಹೂವಿನ ಹೊಲ, ಎಮ್ಮೆಯ ಮೂಗು, ಬಾವಿಯ ರಾಟೆ, ಯಾರದೋ ಹವಾಯಿ ಚಪ್ಪಲಿ, ಎಲ್ಲವೂ ಫೋಟೋ ಆದವು. ಒಂದೇ ತೊಂದರೆ. ಫೋಟೋ ತೆಗೆದಾದ ತಕ್ಷಣ ಮಾವ ಸೆಲ್ಲುಗಳನ್ನು ಕಳಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. "ಒಳ್ಗೇ ಬುಟ್ರೆ ಸುಮ್ಕೆ ಕುಡ್ಕಂಡ್ ಕೂತ್ಕತದೆ ಕಣಮ್ಮಿ" ಎನ್ನುವುದು ಅವನ ವಿಜ್ಞಾನ. ಸೆಲ್ಲು ಕಳಚಿದಾಗಲೆಲ್ಲ ಕ್ಯಾಮೆರಾ ತನ್ನ ತಾರೀಖನ್ನು ಮರೆತು ಮತ್ತೆ ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತದೆ ಎಂಬುದು ನಮಗೆ ಬಹಳ ಕಾಲ ಗೊತ್ತಾಗಲಿಲ್ಲ. ಆ ಮನೆಯ ನಾಲ್ಕು ವರ್ಷದ ಹಬ್ಬ, ನಾಮಕರಣ, ಬೀಗರೂಟ, ಎಲ್ಲವೂ ಆ ಕ್ಯಾಮೆರಾದ ಪ್ರಕಾರ ನಡೆದದ್ದು ಒಂದೇ ದಿನ, ಯಾವುದೋ ಒಂದು ಜನವರಿ ಒಂದರಂದು.

ಹಿಂದಿನ ತಿಂಗಳ ಇದೇ ವಾರ ಏನು ಸಾರು ಎಂದು ಕೇಳಿದರೆ ಡೈರಿ ನೋಡಿ ಹೇಳುವ ಜಾತಿಯವಳು ನಾನು. ಹೈಸ್ಕೂಲಿನಿಂದ ಈ ಚಟ. ಬರೆಯುವುದಷ್ಟೇ ಅಲ್ಲ, ಎಣಿಸುತ್ತೇನೆ ಕೂಡ. ನಾಲ್ಕು ಗೆರೆ ನೆಟ್ಟಗೆ, ಐದನೆಯದು ಅಡ್ಡ. ಅಮ್ಮ ವಾರಕ್ಕೆ ಎಷ್ಟು ಸಲ ತವರಿನ ಮಾತೆತ್ತಿದಳು, ಅಪ್ಪ ಎಷ್ಟು ಸಲ ನಕ್ಕರು, ಎಲ್ಲಕ್ಕೂ ಗೆರೆ. ಅಪ್ಪನ ಪುಟದಲ್ಲಿ ಅಡ್ಡಗೆರೆ ಬೀಳುವುದು ಅಪರೂಪ. ಚಾಮರಾಜನಗರದ ಕಚೇರಿಯೊಂದರ ಗುಮಾಸ್ತರು ಅವರು, ನಗುವನ್ನೂ ಮೇಲಿನವರ ಸಹಿಯಿಲ್ಲದೆ ಹೊರಗೆ ಬಿಡುವವರಲ್ಲ.

ಈಗ ರೂಪಳ ವಿಷಯಕ್ಕೆ ಬರಲೇಬೇಕು. ಎಷ್ಟು ಹೊತ್ತು ತಪ್ಪಿಸಿಕೊಂಡು ತಿರುಗಲಿ?

ರೂಪ ಮಾವನ ಮಗಳು, ನನ್ನದೇ ವಯಸ್ಸು. ಅವರ ಮನೆಯಲ್ಲಿ ಅಜ್ಜಿಯನ್ನು ಬಿಟ್ಟರೆ ಮಾವ, ಅತ್ತೆ, ರೂಪ, ಅವಳ ತಮ್ಮ, ಒಟ್ಟು ನಾಲ್ಕು. ನಮ್ಮಲ್ಲಿ ಅಪ್ಪ, ಅಮ್ಮ, ನಾನು. ಮೂರು. ಈ ಮೂರೇ ನನ್ನ ಶತ್ರುವಾದ ಸಂಖ್ಯೆ. ನಿಮ್ಮ ಕಡೆಯೂ ಹೇಳುತ್ತಿರಬಹುದು, ಮೂರು ಜನ ಒಟ್ಟಿಗೆ ಫೋಟೋಕ್ಕೆ ನಿಲ್ಲಬಾರದು, ನಿಂತರೆ ಒಬ್ಬರಿಗೆ ಕೇಡು ಎಂದು. ನನ್ನಜ್ಜಿಗೆ ಇದು ಕಾನೂನು. ಗುಂಡ್ಲುಪೇಟೆಗೆ ಹೋದಾಗಲೆಲ್ಲ ನಾವು ಮೂವರೂ ತೆಂಗಿನಮರದ ಕೆಳಗೆ ಜೋಡಿಸಿಕೊಂಡು ನಿಲ್ಲುವುದು, ಮಾವ ಒಂದು ಕಣ್ಣು ಮುಚ್ಚುವುದು, ಒಳಗಿನಿಂದ ಅಜ್ಜಿ ಕೂಗುವುದು.

"ಅಯ್ಯೋ, ಮೂರೇ ಜನ ನಿಂತ್ಕಬ್ಯಾಡಿ ಕಣ್ರೋ! ಅಮ್ಮಿ ರೂಪ, ಓಗು, ಓಗ್ ನಿಂತ್ಕ ನಿಮ್ಮತ್ತೆ ಪಕ್ದಲ್ಲಿ!"

"ನೀನೇ ನಿಂತ್ಕ ಬಾ ಅಜ್ಜಿ" ಎಂದು ಒಮ್ಮೆ ಕರೆದು ನೋಡಿದೆ.

"ನಂದ್ಯಾಕೆ ಈಗ್ಲೇ? ಗ್ವಾಡೆಗ್ ಆಕಕ್ಕೆ ಅರ್ಜೆಂಟಾ?"

ರೂಪಳಿಗೆ ಎರಡನೆಯ ಸಲ ಹೇಳಬೇಕಿರಲಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದಳು. ಬಂದವಳು ಪಕ್ಕದಲ್ಲಿ ನಿಲ್ಲುತ್ತಿದ್ದಳೇ? ಇಲ್ಲ. ಅಪ್ಪ ಅಮ್ಮನ ನಡುವೆ ತೂರಿ, ಅಮ್ಮನ ಭುಜದ ಮೇಲೆ ಕೈ ಹಾಕಿ, ಕ್ಲಿಕ್ಕಿಗೆ ಸರಿಯಾಗಿ ಅಪ್ಪನ ಕಿವಿಯಲ್ಲಿ ಏನಾದರೊಂದು ಉಸುರುತ್ತಿದ್ದಳು. "ಮಾವ, ಒಟ್ಟೆ ಒಳಿಕ್ ಎಳ್ಕಳಿ, ಫೋಟೋದಲ್ಲಿ ಜಾಗ ಸಾಲ್ದು!" ಕಚೇರಿಯ ಆ ಮುಖ ಪಟ್ಟನೆ ಒಡೆದು ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿತ್ತು. ಅದೇ ಮಾತನ್ನು ನಾನೊಮ್ಮೆ ಮನೆಯಲ್ಲಿ ಆಡಿ ನೋಡಿದ್ದೇನೆ. ಅಪ್ಪ ಪೇಪರು ಇಳಿಸಿ, "ಏನಂದೆ?" ಎಂದರು. ಎರಡನೆಯ ಸಲ ಹೇಳುವ ಧೈರ್ಯ ಬರಲಿಲ್ಲ.

ಗೋಪಾಲಸ್ವಾಮಿ ಬೆಟ್ಟದಲ್ಲಿ ತೆಗೆದದ್ದು ಇನ್ನೂ ಅನ್ಯಾಯದ ಫೋಟೋ. ಮೇಲೆ ಮಂಜು ಎಂದರೆ ಮಂಜು. ಅಮ್ಮ ಶಾಲು ತಂದಿದ್ದಳು, ಒಂದೇ ಶಾಲು. ಅದರೊಳಗೆ ಅಮ್ಮ ಮತ್ತು ರೂಪ. ಅವರ ಹಿಂದೆ ನಗುತ್ತಿರುವ ಅಪ್ಪ. ಬಲತುದಿಯಲ್ಲಿ, ಮಂಜು ಅರ್ಧ ನುಂಗಿದ, ಕೈಕಟ್ಟಿಕೊಂಡ ಒಂದು ಆಕೃತಿ. ಅದು ನಾನು. ಗೊತ್ತಿಲ್ಲದವರು ನೋಡಿದರೆ ಅಪ್ಪ, ಅಮ್ಮ, ಮಗಳು, ಮತ್ತು ದಾರಿಯಲ್ಲಿ ಅಡ್ಡ ಬಂದ ಯಾರೋ ಯಾತ್ರಿಕಳು ಎಂದುಕೊಳ್ಳಬೇಕು.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ನಾವು ಮೂವರೇ ಇರುವ ಒಂದು ಫೋಟೋ. ಅದಕ್ಕೆಂದು ಚಾಮರಾಜನಗರದ ಪೇಟೆಯಲ್ಲಿ ಒಂದು ಫ್ರೇಮು ಕೂಡ ಕೊಂಡು ಟೀವಿಯ ಮೇಲೆ ಇಟ್ಟಿದ್ದೆ. ಅದರೊಳಗೆ ಕಂಪನಿಯವರೇ ಹಾಕಿಕೊಟ್ಟ ಮಾದರಿ ಚಿತ್ರವಿತ್ತು: ಯಾವುದೋ ದೇಶದ ಗಂಡ, ಹೆಂಡತಿ, ನಡುವೆ ಹಲ್ಲು ಬಿಟ್ಟ ಮಗಳು. ಮೂರೇ ಜನ! ಅವರಿಗೆ ಯಾರೂ ಏನೂ ಹೇಳಿಲ್ಲ. ನಮ್ಮದು ಸಿಗುವವರೆಗೆ ಇರಲಿ ಎಂದು ಬಿಟ್ಟವಳು ವರ್ಷಗಟ್ಟಲೆ ಅವರನ್ನೇ ನೋಡಿಕೊಂಡು ಊಟ ಮಾಡಿದೆ. ಅಜ್ಜಿ ನಮ್ಮ ಮನೆಗೆ ಬಂದಾಗ ಫ್ರೇಮನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಪಾಪ, ಇವುರಲ್ಲಿ ಯಾರ್ ಓದ್ರಂತೆ?" ಎಂದು ಕೇಳಿದಳು.

ಹೀಗಿರುವಾಗ ರೂಪಳಿಗೆ ಗಂಡು ಗೊತ್ತಾಯಿತು. ಮಾವ ಪ್ಲಾಸ್ಟಿಕ್ ಚೀಲದ ತುಂಬ ಸೀಡಿಗಳನ್ನು ಹಿಡಿದು ನಮ್ಮ ಮನೆಗೆ ಬಂದ. ಮೆಮೊರಿ ಕಾರ್ಡು ತುಂಬಿದಾಗಲೆಲ್ಲ ಬಸ್‌ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಸೀಡಿ ಮಾಡಿಸಿಟ್ಟಿದ್ದನಂತೆ. ಆದರೆ ಕಾರ್ಡು ಖಾಲಿ ಮಾಡಲು ಮನಸ್ಸು ಬಾರದೆ ಅರ್ಧಂಬರ್ಧ ಅಳಿಸಿ ಮತ್ತೆ ತೆಗೆದು ಮತ್ತೆ ಸೀಡಿ ಮಾಡಿಸಿದ್ದ.

"ಇವ್ನೆಲ್ಲ ವರ್ಸದ್ ಪ್ರಕಾರ ಜೋಡ್ಸಿ, ಚೆನ್ನಾಗಿರವ್ನ ಆರ್ಸಿ ಒಂದ್ ಸೀಡಿ ಮಾಡ್ಕೊಡು ಕಣಮ್ಮಿ. ಮದ್ವೆ ಮನೇಲಿ ಟೀವೀಲಿ ಓಡಸ್ನ. ನಿನ್ನಂಗೆ ಅಚ್ಚುಕಟ್ಟಾಗಿ ಮಾಡೋರು ನಮ್ ವಂಸ್ದಲ್ಲೇ ಇಲ್ಲ."

ಹೊಗಳಿಕೆಗೆ ಉಬ್ಬಿ ಒಪ್ಪಿಕೊಂಡೆ. ಅವನು ಹೋದಮೇಲೆ ಹೊಳೆಯಿತು, ರೂಪಳ ಮುಖವನ್ನೇ ದಿನವಿಡೀ ನೋಡುವ ಕೆಲಸ ಇದು ಎಂದು.

ಕಂಪ್ಯೂಟರಿನ ಮೇಲಿನ ಹೂವಿನ ಬಟ್ಟೆ ಸರಿಸಿ ಒಂದೊಂದೇ ಸೀಡಿ ತೂರಿಸಿದೆ. ಸಾವಿರಾರು ಫೋಟೋ. ಒಂದೇ ಫೋಟೋ ನಾಲ್ಕು ಕಡೆ. ಬೇರೆಬೇರೆ ಫೋಟೋಗಳಿಗೆ ಒಂದೇ ನಂಬರು. 'ಹೊಸದು', 'ಹೊಸದು ಎರಡು', 'ಹಳೇ ಹೊಸದು' ಎಂಬ ಫೋಲ್ಡರುಗಳು. ಎಲ್ಲದರ ತಾರೀಖೂ ಜನವರಿ ಒಂದು. ಯಾವ ಯುಗಾದಿ ಯಾವ ವರ್ಷದ್ದೆಂದು ಹೇಗೆ ಹೇಳುವುದು? ಅಮ್ಮನ ಸೀರೆಯಿಂದ ಹೇಳೋಣವೆಂದರೆ ಅಮ್ಮನದು ಎಲ್ಲ ವರ್ಷವೂ ಅದೇ ಎರಡು ರೇಷ್ಮೆ.

ಕೊನೆಗೆ ಸಹಾಯಕ್ಕೆ ಬಂದದ್ದು ನನ್ನ ಹೊಟ್ಟೆಕಿಚ್ಚು. ಗುಂಡ್ಲುಪೇಟೆಗೆ ಹೋಗಿಬಂದ ದಿನಗಳ ಡೈರಿ ತೆಗೆದು ನೋಡಿದರೆ, ಊಟದ ವಿಷಯಕ್ಕಿಂತ ಮುಂಚೆ ರೂಪಳ ಬಟ್ಟೆಯ ವಿವರವಿತ್ತು. 'ಹಳದಿ ಚೂಡಿದಾರ, ಹೊಸದು, ಕನ್ನಡಿ ಕೆಲಸ.' 'ಕಿವಿಗೆ ಜುಮುಕಿ. ಅಮ್ಮ ಮೂರು ಸಲ ಚೆನ್ನಾಗಿದೆ ಎಂದಳು.' 'ಮುಂಗೂದಲು ಕತ್ತರಿಸಿಕೊಂಡಿದ್ದಾಳೆ. ಕೆಟ್ಟದಾಗಿಲ್ಲ, ಅದೇ ಬೇಜಾರು.' ನನ್ನ ಬಟ್ಟೆಯ ಬಗ್ಗೆ ಒಂದು ಸಾಲಿಲ್ಲ. ಪ್ರೀತಿಸುವವರೂ ಇಷ್ಟು ನಿಗಾ ಇಟ್ಟು ನೋಡುವುದಿಲ್ಲವೇನೋ. ಹಳದಿ ಚೂಡಿದಾರ ಕಂಡ ಕಡೆ ದೀಪಾವಳಿ, ಜುಮುಕಿ ಕಂಡ ಕಡೆ ಅವಳ ತಮ್ಮನ ಹುಟ್ಟುಹಬ್ಬ, ಹೀಗೆ ನಾಲ್ಕು ವರ್ಷದ ರಾಶಿಯೆಲ್ಲ ಒಂದು ವಾರದಲ್ಲಿ ತನ್ನ ತನ್ನ ಜಾಗಕ್ಕೆ ಹೋಗಿ ಕೂತಿತು.

ಕೂತ ಮೇಲೆ ಎಣಿಸದೆ ಇರಲು ನನ್ನಿಂದಾದೀತೇ? ಪುಟದಲ್ಲಿ ಎಲ್ಲರ ಹೆಸರು ಬರೆದು ಗೆರೆ ಎಳೆಯುತ್ತ ಹೋದೆ. ರೂಪಳ ಗೆರೆಗಳು ಪುಟ ಮುಗಿಸಿ ಹಿಂದಿನ ಮಗ್ಗುಲಿಗೆ ಹೊರಳಿದವು. ನಾನು ಒಂದು ಸಾಲು ದಾಟಲಿಲ್ಲ. 'ನಾವು ಮೂವರು' ಎಂದೂ ಒಂದು ಫೋಲ್ಡರು ಮಾಡಿದ್ದೆ. ಎಲ್ಲ ಮುಗಿದ ಮೇಲೂ ಅದು ಖಾಲಿ.

ಆಗ ಕತ್ತರಿ ಹಿಡಿದೆ. ಕಂಪ್ಯೂಟರಿನಲ್ಲೇ ಪೇಂಟ್ ಪ್ರೋಗ್ರಾಮು ತೆರೆದು ಬೆಟ್ಟದ ಫೋಟೋದಿಂದ ರೂಪಳನ್ನು ಅಳಿಸಲು ಕೂತೆ. ತಲೆ ಹೋಯಿತು, ಮೈ ಹೋಯಿತು, ಆ ಜಾಗಕ್ಕೆಲ್ಲ ಮಂಜಿನ ಬಿಳಿ ಬಳಿದೆ. ಅಮ್ಮ ಕಾಫಿ ತಂದವಳು ಬಗ್ಗಿ ನೋಡಿದಳು.

"ಇದ್ಯಾರ್ ಕೈಯೇ ನನ್ ಭುಜದ್ ಮ್ಯಾಲೆ, ದೆವ್ವದ್ ಕೈಯಂಗೆ?"

ನಾನು ಕೈ ಅಳಿಸುವುದನ್ನೇ ಮರೆತಿದ್ದೆ.

"ಅಯ್ಯೋ, ರೂಪನ್ನ ಕುಯ್ದ್ಬುಟ್ಯಾ? ರೀ, ಬನ್ನಿ ಇಲ್ಲಿ, ನಿಮ್ ಮಗ್ಳು ಮಾಡಿರೋ ಘನಂದಾರಿ ಕೆಲ್ಸ ನೋಡಿ!"

ಅಪ್ಪ ಬಂದು ಕನ್ನಡಕ ಏರಿಸಿದರು. "ನಾನ್ಯಾಕೆ ಮಂಜ್ ನೋಡ್ಕೊಂಡು ಹಿಂಗ್ ನಗ್ತಿದೀನಿ, ತಲೆಕೆಟ್ಟೋನ್ ಥರ?" ಎಂದು ಕೇಳಿ, ಪಾಪ, ನಿಜವಾಗಿಯೂ ಉತ್ತರಕ್ಕಾಗಿ ಕಾದರು. ಅವರ ಪ್ರಶ್ನೆ ಸರಿಯಾಗಿತ್ತು. ಅವಳನ್ನು ತೆಗೆದರೆ ಆ ನಗುವಿಗೆ ಕಾರಣವೇ ಉಳಿಯುತ್ತಿರಲಿಲ್ಲ. ಫೋಟೋವನ್ನು ಉಳಿಸದೆ ಮುಚ್ಚಿದೆ. ಅಮ್ಮ ನಗುವುದನ್ನು ನಿಲ್ಲಿಸಿ ಲೋಟವನ್ನು ನನ್ನ ಕಡೆಗೆ ತಳ್ಳಿದಳು. "ಆರೋಯ್ತದೆ, ಕುಡಿ."

ಮದುವೆ ಗುಂಡ್ಲುಪೇಟೆಯ ಛತ್ರದಲ್ಲಿ. ನನ್ನ ಸೀಡಿ ಬೆಳಿಗ್ಗೆಯಿಂದ ಟೀವಿಯಲ್ಲಿ ಓಡಿತು. ಬಂದವರೆಲ್ಲ ರೂಪ ಎಷ್ಟು ಲಕ್ಷಣ, ರೂಪ ಎಂಥ ನಗುಮುಖ ಎಂದರು. ಜೋಡಿಸಿದ್ದು ಯಾರೆಂದು ಒಬ್ಬರೂ ಕೇಳಲಿಲ್ಲ. ಬೆಟ್ಟದ ಫೋಟೋ ಬಂದಾಗ ಗಂಡಿನ ಕಡೆಯ ಹೆಂಗಸೊಬ್ಬಳು ಅಮ್ಮನನ್ನೇ ಕೇಳಿದಳು, "ನಿಮ್ ಮಗಳಾ ಶಾಲ್ ಒಳಗಿರೋದು?" ಅಮ್ಮ ಏನು ಉತ್ತರ ಕೊಟ್ಟಳೋ, ನಾನು ಊಟದ ಮನೆಯ ಕಡೆ ಹೊರಟುಬಿಟ್ಟೆ.

ಆದರೆ ನನ್ನದೂ ಒಂದು ಉಪಾಯವಿತ್ತು. ಅಂದು ಒಂದು ದಿನ ಅವಳು ಓಡಿಬಂದು ನಡುವೆ ತೂರುವ ಹಾಗಿರಲಿಲ್ಲ. ಕ್ಯಾಮೆರಾದಲ್ಲಿ ಗುಂಡಿ ಒತ್ತಿ ಓಡಿಹೋಗಿ ನಿಲ್ಲಲು ಹತ್ತು ಸೆಕೆಂಡು ಕೊಡುವ ಸೌಕರ್ಯವಿದೆಯೆಂದು ಕಂಡುಕೊಂಡಿದ್ದೆ. ಮಧ್ಯಾಹ್ನ, ಹೆಣ್ಣನ್ನು ಕಾರಿಗೆ ಹತ್ತಿಸುವ ಗಡಿಬಿಡಿಯಲ್ಲಿ ಎಲ್ಲರೂ ಬಾಗಿಲ ಕಡೆಗಿದ್ದರು. ಮಾವನ ಜೇಬಿನಿಂದ 'ಕ್ಯಾ' ಸೆಲ್ಲುಗಳನ್ನು ಇಸಿದುಕೊಂಡು, ಅಪ್ಪ ಅಮ್ಮನನ್ನು ಛತ್ರದ ಕಂಬದ ಪಕ್ಕ ನಿಲ್ಲಿಸಿ, ಎದುರಿನ ಕಬ್ಬಿಣದ ಕುರ್ಚಿಯ ಮೇಲೆ ಕ್ಯಾಮೆರಾ ಇಟ್ಟೆ. ಅಲ್ಲೇ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ ಅಜ್ಜಿ ಬಾಯಿ ತೆರೆದಳು.

"ಲೇ, ಮೂರ್ ಜನ ಕಣ್ಲೇ!"

"ಒಂದೇ ಒಂದ್ ಸಲ ಅಜ್ಜಿ. ನಿನ್ ದಮ್ಮಯ್ಯ."

ಅಜ್ಜಿ ನನ್ನ ಮುಖ ನೋಡಿದಳು. ಏನು ಕಂಡಿತೋ, "ಏನಾರ ಮಾಡ್ಕ, ನಾನ್ ನೋಡ್ನಿಲ್ಲ" ಎಂದು ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಗುಂಡಿ ಒತ್ತಿ ಓಡಿದೆ. ಕೆಂಪು ದೀಪ ಮಿಣುಕತೊಡಗಿತು. ಅಪ್ಪ ಅಂಗಿ ಸರಿಮಾಡಿಕೊಂಡರು, ಅಮ್ಮ ಸೆರಗು ಹೊದ್ದಳು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಕೂಗು.

"ಅತ್ತೇ! ಮಾವಾ! ಎಲ್ಲಿದೀರಾ, ನಾನ್ ಒಂಟ್ನಿ!"

ಕ್ಲಿಕ್.

ಮದುವೆಯಾದರೆ ದೂರ ಹೋಗುತ್ತಾಳೆ ಎಂಬ ನನ್ನ ಎಣಿಕೆಯೂ ತಪ್ಪಿತು. ಅವಳು ಸೇರಿದ್ದು ನಮ್ಮ ಚಾಮರಾಜನಗರದ ಮಗ್ಗುಲಿನ ಚಂದಕವಾಡಿಗೆ. ಗುಂಡ್ಲುಪೇಟೆಯಲ್ಲಿದ್ದಾಗ ಹಬ್ಬಕ್ಕೊಮ್ಮೆ ಸಿಗುತ್ತಿದ್ದವಳು ಈಗ ಸಂತೆಗೊಮ್ಮೆ ಬಸ್ಸಿಳಿದು ನೇರ ನಮ್ಮ ಅಡುಗೆಮನೆಗೇ ಬರುತ್ತಾಳೆ. ಮಾವ ಕ್ಯಾಮೆರಾ ಇರುವ ಮೊಬೈಲು ಕೊಂಡ ಮೇಲೆ ಹಳೆಯದನ್ನು ನನಗೆ ಕೊಟ್ಟ. ಅದರ ಸೆಲ್ಲೊಂದನ್ನು ಅಮ್ಮ ಹಜಾರದ ಗಡಿಯಾರಕ್ಕೆ ಹಾಕಿದ್ದಳು. ಫ್ರೇಮಿನಲ್ಲಿದ್ದ ಆ ಪರದೇಶದ ಕುಟುಂಬವನ್ನು ನಾನು ಕೊನೆಗೂ ಕಳಿಸಿಕೊಟ್ಟೆ. ಅಲ್ಲೀಗ ಛತ್ರದ ಫೋಟೋ ಇದೆ.

ಕಳೆದ ಸಂತೆಯ ದಿನ ರೂಪ ಫ್ರೇಮನ್ನು ಕೈಗೆತ್ತಿಕೊಂಡು ಕೇಳಿದಳು. "ಮೂರ್ ಜನಾನೂ ಬಾಯ್ ಬುಟ್ಕಂಡು ಯಾರ್ನ ನೋಡ್ತಾ ಇದೀರೇ?"

"ಯಾವ್ದೋ ಕಾರು" ಎಂದೆ.

ಇಂದು ಗಡಿಯಾರಕ್ಕೆ ಹೊಸ ಸೆಲ್ಲು ಹಾಕಿ, ಮುಳ್ಳು ಸರಿಮಾಡಿ, ಗೋಡೆಗೆ ತೂಗುಹಾಕಿ ಕೆಳಗಿಳಿದಾಗ ಕಣ್ಣು ಮತ್ತೆ ಫ್ರೇಮಿನ ಮೇಲೆ ಹೋಯಿತು. ನಾವು ಮೂವರೇ ಇದ್ದೇವೆ. ಮೂವರ ಕುತ್ತಿಗೆಯೂ ಎಡಕ್ಕೆ ಹೊರಳಿದೆ. ಅಮ್ಮನ ಕಾಲೊಂದು ಆಗಲೇ ಎದ್ದಿದೆ. ಅಪ್ಪನ ಕಣ್ಣು ಒದ್ದೆ. ನನ್ನ ಒಂದು ಕೈ ಕರೆಯುವ ಹಾಗೆ ಮೇಲೆದ್ದಿದೆ, ಅದನ್ನು ನಾನು ಎತ್ತಿದ ನೆನಪೇ ಇಲ್ಲ. ಅಪ್ಪ ಅಮ್ಮನ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ನಿಲ್ಲಿಸಿದವಳು ನಾನೇ. ಆ ಜಾಗ ಬಿಟ್ಟವಳೂ ನಾನೇ ಇರಬೇಕು, ಅಭ್ಯಾಸ.

ಡೈರಿಯಲ್ಲಿ ಫೋಟೋಗಳನ್ನು ಎಣಿಸಿದ್ದ ಆ ಹಳೆಯ ಪುಟ ಹುಡುಕಿದೆ. ಇಷ್ಟು ವರ್ಷವಾದರೂ ಲೆಕ್ಕ ತಪ್ಪಿಸುವುದು ನನಗೆ ಆಗದು. ರೂಪಳ ಹೆಸರಿನ ಕೊನೆಯ ಕಟ್ಟಿನಲ್ಲಿ ನಾಲ್ಕು ಗೆರೆ ನೆಟ್ಟಗೆ ನಿಂತು ಕಾಯುತ್ತಿದ್ದವು. ಪೆನ್ನು ಗಟ್ಟಿಯಾಗಿ ಒತ್ತಿ ಐದನೆಯದನ್ನು ಅಡ್ಡ ಎಳೆದೆ.