ನಲವತ್ತೆಂಟು ಒಗೆತಗಳ ತಳದ ನೀರು

ಅಕ್ಕನ ಮಗಳಿಗೆ ಐವತ್ತನಾಲ್ಕು ದಿನ ತುಂಬಿದ ಶುಕ್ರವಾರ ಬೆಳಿಗ್ಗೆ, ಅವಳ ಕುತ್ತಿಗೆಯ ಮಡಿಕೆಯಲ್ಲಿ ಏಳು ಕೆಂಪು ಗುಳ್ಳೆಗಳಿದ್ದವು. ನಾನೇ ಎಣಿಸಿದ್ದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಹನ್ನೊಂದು. ಸಂಜೆಗೆ ತೊಡೆಯ ಸಂದಿಯಲ್ಲೂ ಎದ್ದು, ಎಣಿಸಲು ಬಾರದಂತೆ ಒಂದಕ್ಕೊಂದು ಕೂಡಿಕೊಂಡಿದ್ದವು. ಕೂಸು ಅತ್ತು, ಸುಸ್ತಾಗಿ, ಮತ್ತೆ ಅಳುತ್ತಿತ್ತು.

ನಮ್ಮ ಮನೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಯಾರ್ಡಿನಿಂದ ಏಳು ನಿಮಿಷದ ನಡಿಗೆ. ಅಪ್ಪ ದಲಾಲಿ ಅಂಗಡಿಯೊಂದರಲ್ಲಿ ತೂಕ ನೋಡುತ್ತಾರೆ. ನಾನು ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಒಳಗೆ ಹೋಗುವ ಚೀಲಗಳನ್ನು ಎಣಿಸಿ ಬರೆಯುತ್ತೇನೆ. ಸೋಮವಾರ, ಗುರುವಾರ ಮಾರುಕಟ್ಟೆ. ಆ ಎರಡು ದಿನ ನಾವಿಬ್ಬರೂ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ಸೀನುತ್ತಾಳೆ. ಅಂಗಿಯ ಜೇಬು, ಪ್ಯಾಂಟಿನ ಮಡಿಕೆ, ಬನಿಯನ್ನಿನ ಹೊಲಿಗೆ, ಎಲ್ಲದರಲ್ಲೂ ಕಾಯಿಯ ಧೂಳು, ಬೀಜ.

ಅಗಡಿಗೆ ಮದುವೆ ಮಾಡಿಕೊಟ್ಟಿದ್ದ ಅಕ್ಕ ಬಾಣಂತನಕ್ಕೆ ಬಂದಾಗ ಅಪ್ಪ ವಾಷಿಂಗ್ ಮಷಿನ್ ತಂದರು. ಮುಂದಿನಿಂದ ಬಾಗಿಲು ತೆರೆಯುವ ಮಷಿನ್. ಕೂಸಿನ ಅರಿವೆಗಳನ್ನು ಕೈಯಲ್ಲೇ ಒಗೆಯಬೇಕು ಎಂದು ಅವ್ವ ಹಟ ಹಿಡಿದಿದ್ದಳು. ಬಿಸಿನೀರಿನಲ್ಲಿ ಮಷಿನ್ ಒಗೆದದ್ದೇ ಹೆಚ್ಚು ಶುದ್ಧ ಎಂದು ವಾದಿಸಿ ಗೆದ್ದವನು ನಾನು. ಗೆದ್ದದ್ದಕ್ಕೆ ಮಷಿನ್ ನನ್ನ ಪಾಲಿಗೇ ಬಂತು.

"ಅರಬಿ ಒಗಿಯೂ ಸಾಹೇಬ್ರು ಬಂದ್ರು, ದಾರಿ ಬಿಡ್ರಿ," ಎಂದು ಅಕ್ಕ ದಿನವೂ ಕಾಡುತ್ತಿದ್ದಳು.

ನಾನು ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಒಗೆತಕ್ಕೂ ಸಂಖ್ಯೆ, ವಾರ, ಒಳಗೆ ಏನು ಹಾಕಿದ್ದು. ಬೆಳಿಗ್ಗೆ ಕೂಸಿನವು; ಸೋಮವಾರ ಮತ್ತು ಗುರುವಾರ ಸಂಜೆ ಯಾರ್ಡಿನವು. ಎರಡೂ ಎಂದಿಗೂ ಒಂದೇ ಸಲ ಒಳಗೆ ಹೋಗಿರಲಿಲ್ಲ. ಆ ಶುಕ್ರವಾರದ ಹೊತ್ತಿಗೆ ಕೂಸಿನವು ಐವತ್ತೊಂದು, ಯಾರ್ಡಿನವು ಹದಿನೇಳು, ಒಟ್ಟು ಅರವತ್ತೆಂಟು.

ಅವ್ವ ಗುಳ್ಳೆಗಳನ್ನು ನೋಡಿದವಳೇ ಅಕ್ಕನ ಕಡೆ ತಿರುಗಿದಳು.

"ಏನ ತಿಂದೀದಿ ನೀ?"

"ನಿನ್ನ ಕಣ್ಣ ಮುಂದನ ಉಣ್ಣಾಕತ್ತೇನಲ್ಲ ಯವ್ವಾ. ಎಲ್ಲಿಂದ ತಿನ್ನಲಿ?"

"ನಿನ್ನೆ ಮಗ್ಗಲ ಮನಿಯಾಕಿ ಸೆರಗಿನಾಗ ಏನೋ ಮುಚಗೊಂಡ ಬಂದಿದ್ಲು."

"ಹೂವು! ಮಲ್ಲಿಗಿ ಮಾಲಿಯೊಳಗ ಮಿರ್ಚಿ ಭಜಿ ಸುತಗೊಂಡ ಬರ್ತಾರೇನ?"

"ನೀ ಖಾರ ತಿಂದ್ರ ಹಾಲಿನಾಗ ಹೋಗ್ತದ. ಇವತ್ತಿಂದ ಬರೇ ಹಾಲು, ಅನ್ನ."

ಅಕ್ಕ ನಕ್ಕಳು. ಆಮೇಲೆ ಅವ್ವ ನಗುತ್ತಿಲ್ಲವೆಂದು ಗೊತ್ತಾಗಿ ಗೋಡೆಯ ಕಡೆ ಮುಖ ಮಾಡಿ ಕೂಸಿಗೆ ಹಾಲು ಕೊಡತೊಡಗಿದಳು.

ನಾನು ಒಣಗಿದ ಅರಿವೆ ತರಲು ಮಾಳಿಗೆಗೆ ಹೋದೆ. ಅಪ್ಪನ ಹಳೆಯ ಬಿಳಿ ಧೋತರ ಹರಿದು ಮಾಡಿದ ತುಂಡುಗಳು ಅವು. ಬಿಸಿಲಿಗೆ ಹಿಡಿದಾಗ ಒಂದೆರಡರ ಅಂಚು ಸಣ್ಣಗೆ ಕೆಂಪಡರಿದಂತೆ ಕಂಡಿತು. ಮೂಗಿಗೆ ಹಿಡಿದೆ. ಸೋಪಿನ ವಾಸನೆಯ ಹಿಂದೆ ಏನೋ ಇತ್ತು, ಅಥವಾ ನನ್ನ ಕೈಯದೇ ಇರಬಹುದು. ಕೆಳಗೆ ಬಂದು ನೋಟ್‌ಬುಕ್ ತೆರೆದೆ.

ಮಷಿನ್ನಿನ ಕೆಳಗೆ ಬಲಮೂಲೆಯಲ್ಲಿ ಒಂದು ಸಣ್ಣ ಮುಚ್ಚಳವಿದೆ. ಅದರ ಹಿಂದೆ ಫಿಲ್ಟರ್. ಹೊರಗೆ ಹೋಗುವ ನೀರಿನ ಕಸವನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಇಪ್ಪತ್ತು ಒಗೆತಕ್ಕೊಮ್ಮೆ ಅದನ್ನು ತೆಗೆದು ತೊಳೆಯುವುದೆಂದು ನಾನೇ ನಿಯಮ ಮಾಡಿಕೊಂಡಿದ್ದೆ. ಇಪ್ಪತ್ತನೆಯದರ ಮುಂದೆ ಗುರುತು ಇತ್ತು. ಆ ದಿನ ನಿಜವಾಗಿ ತೊಳೆದಿದ್ದೆ. ನಲವತ್ತರ ಮುಂದೆಯೂ ಗುರುತು ಇತ್ತು. ಅದು ಸುಳ್ಳು ಗುರುತು.

ಅದು ಹೇಗೆ ಬಿತ್ತೆಂದು ನನಗೆ ಚೆನ್ನಾಗಿ ಗೊತ್ತು. ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದ ದಿನ, ಹಮಾಲರು ಚೀಲ ಇಳಿಸುವ ಮೊದಲೇ ನಾವು ಚೀಟಿಗೆ ಗುರುತು ಹಾಕಿಬಿಡುತ್ತೇವೆ. ಹೇಗೂ ಇಳಿಯುತ್ತವೆ, ಹೇಗೂ ಒಳಗೆ ಹೋಗುತ್ತವೆ. ಆ ಕೈಯೇ ಮನೆಗೂ ಬಂದಿತ್ತು. ನಲವತ್ತನೆಯ ಒಗೆತ ಗುರುವಾರ ಸಂಜೆಗೆ ಬಿದ್ದಿತ್ತು. ಬೆಳಿಗ್ಗೆ ಗುರುತು ಹಾಕಿ, ಸಂಜೆ ಬಂದು ತೊಳೆದರಾಯಿತು ಎಂದುಕೊಂಡು ಹೋದೆ. ಸಂಜೆ ಮರೆತೆ. ಅರವತ್ತಕ್ಕೆ ಬಂದಾಗ ಹಿಂದಿನ ಗುರುತನ್ನು ನಾನೇ ನಂಬಿ, ಇನ್ನೊಂದು ವಾರ ತಡೆಯಬಹುದು ಎಂದು ಬಿಟ್ಟಿದ್ದೆ.

ಅಂದರೆ ಫಿಲ್ಟರ್ ತೊಳೆಯದೆ ನಲವತ್ತೆಂಟು ಒಗೆತ. ಹೇಳಬೇಕಿತ್ತು. ಕೂಸನ್ನು ನಾಳೆ ಡಾಕ್ಟರ್ ನೋಡಲಿ, ಬೇರೆ ಕಾರಣ ಇದ್ದರೂ ಇದ್ದೀತು ಎಂದು ಬಾಯಿ ಮುಚ್ಚಿಕೊಂಡೆ.

ಶನಿವಾರ ಅವ್ವ, ಅಕ್ಕ ಕೂಸನ್ನು ಹಾವೇರಿಗೆ ಮಕ್ಕಳ ಡಾಕ್ಟರರ ಹತ್ತಿರ ಕರೆದೊಯ್ದರು. ಅವರು ಹೋದ ಕೂಡಲೇ ನಾನು ಮಷಿನ್ನಿನ ಮುಂದೆ ಪರಾತ ಇಟ್ಟುಕೊಂಡು ಕೂತೆ. ಪ್ಲಗ್ ತೆಗೆದು, ಮುಚ್ಚಳ ತೆರೆದು ಫಿಲ್ಟರ್ ತಿರುವಿದೆ, ಅಲುಗಲಿಲ್ಲ. ಇಕ್ಕಳ ಹಾಕಿ ತಿರುವಿದೆ. ಅದರ ಹಿಡಿಕೆ ಟಕ್ಕೆಂದು ಮುರಿಯಿತು. ಇನ್ನೊಮ್ಮೆ ಬಲ ಹಾಕಿದಾಗ ಫಿಲ್ಟರ್ ಬಂತು, ಅದರ ಹಿಂದೆಯೇ ನೀರು.

ಇಟ್ಟಿಗೆ ಬಣ್ಣದ ನೀರು. ಪರಾತ ತುಂಬಿ ಬಚ್ಚಲ ಕಡೆ ಹರಿಯಿತು. ಜಾಲರಿಯ ತುಂಬ ಬೂದುಬಣ್ಣದ ನೂಲಿನ ಗಂಟು, ಅದರೊಳಗೆ ಹಳದಿ ಬೀಜಗಳು, ಮುರಿದ ತೊಟ್ಟುಗಳು, ಸಿಪ್ಪೆಯ ಚೂರುಗಳು. ಬೆರಳಿನಿಂದ ಕೆದರಿ ತೆಗೆದೆ. ಬೀಜಗಳನ್ನು ನೂರಾ ಹದಿನಾಲ್ಕರವರೆಗೆ ಎಣಿಸಿದೆ. ಅಷ್ಟರಲ್ಲಿ ಉಗುರಿನ ಸಂದಿಗಳು ಉರಿಯತೊಡಗಿ ಎಣಿಕೆ ಬಿಟ್ಟೆ. ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಾಗ ನನ್ನ ಮನಸ್ಸಿನಲ್ಲಿ ಒಂದೇ ಮಾತಿತ್ತು: ನನ್ನದು ಚೀಲ ಎಣಿಸುವ ಕೈ, ಅದೇ ಹೀಗೆ ಉರಿದರೆ ಆ ಕುತ್ತಿಗೆ?

ಮಧ್ಯಾಹ್ನ ಅವರು ಬಂದರು. ಡಾಕ್ಟರ್ ಹಚ್ಚಲು ಔಷಧ ಕೊಟ್ಟಿದ್ದರು.

"ಸೆಕಿಗೂ ಆಗಬಹುದು, ಸೋಪಿಗೂ ಆಗಬಹುದು, ಅರಬಿಗೂ ಆಗಬಹುದು ಅಂದ್ರು," ಎಂದಳು ಅಕ್ಕ.

"ಸೆಕಿ ಅಂದ್ರ ಏನ? ಉಷ್ಣ. ಉಷ್ಣ ಎದಕ ಆಗ್ತದ? ಖಾರಕ್ಕ," ಎಂದಳು ಅವ್ವ.

ಮಷಿನ್ ಕೆಟ್ಟಿದೆ, ಕೆಲವು ದಿನ ಕೂಸಿನ ಅರಿವೆ ನಾನು ಕೈಯಲ್ಲೇ ಒಗೆಯುತ್ತೇನೆ ಎಂದೆ. ಯಾಕೆ ಕೆಟ್ಟಿತೆಂದು ಯಾರೂ ಕೇಳಲಿಲ್ಲ.

ಮುಂದಿನ ಮೂರು ದಿನ ನನಗೆ ಹೇಳಲಾಗದಂಥ ಸಂಕಟ. ಗುಳ್ಳೆಗಳು ಕಡಿಮೆಯಾಗತೊಡಗಿದವು. ಕುತ್ತಿಗೆಯಲ್ಲಿ ಭಾನುವಾರ ಒಂಬತ್ತು, ಸೋಮವಾರ ಆರು. ಮನೆಯಲ್ಲಿ ಎಲ್ಲರೂ ಹಗುರಾದರು. ನಾನೊಬ್ಬ, ಕೈಯಲ್ಲಿ ಒಗೆದ ಮೇಲೆ ಮಾಯವಾದ ಒಂದೊಂದು ಗುಳ್ಳೆಯೂ ನನ್ನ ಮೇಲೆ ಸಾಕ್ಷಿ ಹೇಳುತ್ತಿದೆ ಎಂದು ಹೆದರುತ್ತಿದ್ದೆ. ಅವ್ವನಿಗೆ ಅದು ಬೇರೆ ಸಾಕ್ಷಿಯಾಗಿತ್ತು: "ನೋಡ, ಸಪ್ಪನ ಉಂಡಿದ್ದಕ್ಕ ಹ್ಯಾಂಗ ಇಳೀತು." ಅಕ್ಕ ಹಾಲು ಅನ್ನವನ್ನು ಬೆರಳಿನಲ್ಲಿ ತಿರುವುತ್ತ ಕೂರುತ್ತಿದ್ದಳು. ಅವಳೀಗ ವಾದ ಮಾಡುತ್ತಿರಲಿಲ್ಲ. ಸೋಮವಾರ ಅವಳು ಕೂಸಿನ ಕಿವಿಯಲ್ಲಿ, "ನಾ ಏನೂ ತಿಂದಿಲ್ಲ ಪುಟ್ಟಿ," ಎಂದು ಮೆಲ್ಲಗೆ ಹೇಳುವುದನ್ನು ಕೇಳಿಸಿಕೊಂಡೆ.

ಮಂಗಳವಾರ ಅರ್ಧ ದಿನ ರಜೆ ಹಾಕಿ, ಮುರಿದ ಫಿಲ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹಾವೇರಿಗೆ ಹೋದೆ. ಎರಡು ಅಂಗಡಿಗಳಲ್ಲಿ ಆ ಅಳತೆಯದು ಇರಲಿಲ್ಲ. ಮೂರನೆಯವರು ರಾಣೇಬೆನ್ನೂರಿಗೆ ಹೋಗಿ ನೋಡಿ ಎಂದರು. ಮತ್ತೆ ಬಸ್ಸು. ಕಿಟಕಿಯ ಪಕ್ಕ ಕೂತು, ಅಕ್ಕನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿದೆ. ಮೋಟೆಬೆನ್ನೂರು ದಾಟುವುದರೊಳಗೆ ನಾಲ್ಕು ಬಗೆಯಲ್ಲಿ ಜೋಡಿಸಿ ನಾಲ್ಕನ್ನೂ ಬಿಟ್ಟೆ.

ರಾಣೇಬೆನ್ನೂರಿನ ರಿಪೇರಿ ಅಂಗಡಿಯವರು ಕನ್ನಡಕ ಹಣೆಗೇರಿಸಿ ಚೀಲ ಬಿಚ್ಚಿದರು. ಮೂಗಿನ ಹತ್ತಿರ ತಂದವರು ಎರಡು ಸಲ ಸೀನಿದರು.

"ಬ್ಯಾಡಗಿಯವರೇನ್ರಿ?"

"ಹೌದ್ರಿ."

"ಹೆಸರ ಹೇಳೂದ ಬ್ಯಾಡ, ಇದ ಹೇಳ್ತದ. ಎಷ್ಟ ದಿನಾತು ತೊಳದು?"

ಸುಳ್ಳು ಹೇಳಬಹುದಿತ್ತು. "ನಲವತ್ತೆಂಟು ಒಗೆತ ಆತ್ರಿ," ಎಂದೆ.

"ಭಾರಿ ಅದೀರಿ! ನಲವತ್ತೆಂಟಂತ ಎಣಿಸಾಕ ಬಂತು, ಒಮ್ಮಿ ತಿರುವಿ ತೆಗಿಯಾಕ ಬರಲಿಲ್ಲೇನ?"

ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ನಾನು ಕೇಳಿಯೇಬಿಟ್ಟೆ: ಒಂದು ಸಲದ ಅರಿವೆ ತೆಗೆದು ಬೇರೆ ಅರಿವೆ ಹಾಕಿದರೆ, ಹಿಂದಿನದರ ಕೊಳೆ ಇದಕ್ಕೆ ಬರುತ್ತದೆಯೇ?

"ಬರದ ಎಲ್ಲಿಗ ಹೋಗ್ತದ? ತಳದಾಗ ಹಳೇ ನೀರ ಒಂದಿಷ್ಟ ನಿಂತ ಇರ್ತದ. ಇದ ಕಟಗೊಂಡ್ರ ಇನ್ನೂ ಜಾಸ್ತಿ ನಿಲ್ತದ. ಅದರ ಮ್ಯಾಲೇ ಹೊಸಾ ನೀರ ಬೀಳ್ತದ. ಯಾಕ್ರಿ?"

"ಮನ್ಯಾಗ ಕೂಸೈತ್ರಿ."

ಅವರ ನಗು ನಿಂತಿತು. ಒಳಗಿನಿಂದ ಹೊಸದೊಂದು ಫಿಲ್ಟರ್ ತಂದು, ಹಳೆಯದರ ಪಕ್ಕ ಇಟ್ಟು ಅಳತೆ ನೋಡಿ ಕೊಟ್ಟರು, ಕೂರಿಸುವ ಬಗೆಯನ್ನೂ ಹೇಳಿದರು. ಮೊದಲು ಪಕ್ಕದ ಸಣ್ಣ ಪೈಪಿನಿಂದ ನೀರು ಪೂರ್ತಿ ಇಳಿಸಬೇಕು. ಒಳಗಿನ ಗೂಡನ್ನು ಬಟ್ಟೆಯಿಂದ ಒರೆಸಬೇಕು. ರಬ್ಬರ್ ಬಳೆ ಮಡಿಚಿಕೊಳ್ಳದಂತೆ ಕೂರಿಸಿ, ಇಕ್ಕಳ ಮುಟ್ಟದೆ ಕೈಯಿಂದಷ್ಟೇ ಬಿಗಿಯಬೇಕು. "ಆಮ್ಯಾಲೆ ಎರಡ ಸಲ ಖಾಲಿ ಓಡಿಸ್ರಿ, ಬಿಸಿನೀರಿನಾಗ. ಕೆಳಗ ಹನಿ ಬೀಳ್ತದೇನ ನೋಡ್ರಿ," ಎಂದರು.

ಮನೆ ಮುಟ್ಟಿದಾಗ ಅವ್ವ ಅಕ್ಕನಿಗೆ ಬಡಿಸುತ್ತಿದ್ದಳು. ಅದೇ ಹಾಲು, ಅನ್ನ. ನಾನು ಕೈಕಾಲು ತೊಳೆಯದೆ ಬಾಗಿಲಲ್ಲೇ ನಿಂತು ಹೇಳಿದೆ. ಗುರುತು ಹಾಕಿದ್ದು, ತೊಳೆಯದಿದ್ದದ್ದು, ಶನಿವಾರ ಬಂದ ನೀರಿನ ಬಣ್ಣ, ಅಂಗಡಿಯವರ ಮಾತು. ಜೋಡಿಸಿಟ್ಟ ಯಾವ ಮಾತೂ ಬರಲಿಲ್ಲ.

ಅಲ್ಲೇ ಊಟಕ್ಕೆ ಕೂತಿದ್ದ ಅಪ್ಪ ಮೊದಲು ಬಾಯಿ ತೆರೆದರು. "ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಅಷ್ಟ ಐತಿ, ಖಾರ ಎಲ್ಲೈತಿ?"

"ನೀವ್ ಸುಮ್ನಿರ್ರಿ," ಎಂದಳು ಅಕ್ಕ. ನನ್ನನ್ನೇ ನೋಡುತ್ತಿದ್ದಳು. "ಯಾವತ್ತ ಗೊತ್ತಾತು ನಿನಗ?"

"ಶುಕ್ರವಾರ."

"ಇವತ್ತ ಮಂಗಳವಾರ. ಐದ ದಿನ ನಾ ಸಪ್ಪನ ಉಂಡೇನಿ. ನೀ ನನ್ನ ಎದುರಿಗೆ ಕುಂತ ಉಪ್ಪಿನಕಾಯಿ ನೆಕ್ಕಿದಿ."

ಅವಳು ತಟ್ಟೆಯನ್ನು ದೂರ ತಳ್ಳಿದಳು. ಅವ್ವ ಆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಸಪ್ಪಳ ಕೇಳಿಸಿತು. ಬೇಳೆಸಾರು, ಬೆಳ್ಳುಳ್ಳಿ ಒಗ್ಗರಣೆ. ತಂದು ಅಕ್ಕನ ಮುಂದಿಟ್ಟು, "ಉಣ್ಣ," ಎಂದಳು. ಅಕ್ಕ ತಲೆ ಎತ್ತದೆ ಉಂಡಳು. ಮತ್ತೊಮ್ಮೆ ಅನ್ನ ಕೇಳಿದಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಬಡಿಸಿದಳು.

ಬುಧವಾರ ಬೆಳಿಗ್ಗೆ ಹೊಸ ಫಿಲ್ಟರ್ ಕೂರಿಸಿದೆ. ಎರಡು ಸಲ ಖಾಲಿ ಓಡಿಸಿದೆ, ಹನಿ ಬೀಳಲಿಲ್ಲ. ಆದರೂ ಕೂಸಿನ ಅರಿವೆ ಹಾಕಲು ಕೈ ಬರಲಿಲ್ಲ. ಡಾಕ್ಟರ್ ಹೇಳಿದ ಮೂರು ಕಾರಣಗಳಲ್ಲಿ ಯಾವುದು ನಿಜವೋ ನನಗೆ ಇವತ್ತಿಗೂ ತಿಳಿಯದು. ಅವತ್ತು ಒಂದೇ ಒಂದು ಧೋತರದ ತುಂಡನ್ನು ಹಾಕಿ ಒಗೆದೆ. ಹೊರಗೆ ತೆಗೆದು, ಹಸಿಯಾಗಿರುವಾಗಲೇ ಮಡಿಚಿ, ನನ್ನ ಬಲಗಣ್ಣ ಮೇಲೆ ಒತ್ತಿ ಹಿಡಿದೆ. ಖಾರ ಎಳ್ಳಷ್ಟಿದ್ದರೂ ಕಣ್ಣಿಗೆ ತಿಳಿಯದೆ ಇರದು.

ಅಕ್ಕ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಿನ್ನೆಯಿಂದ ನನ್ನೊಡನೆ ಮಾತಾಡಿರಲಿಲ್ಲ.

"ಉರಿತದೇನ?"

"ಇಲ್ಲ."

"ನಿನ್ನ ಮಾತ ನಂಬೂದಿಲ್ಲ. ಇಲ್ಲಿ ಕೊಡು."

ಅವಳು ಒಂದು ಕೈಯಿಂದ ಅರಿವೆಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಕೂಸು ಇನ್ನೊಂದು ತೋಳಿನಲ್ಲಿ ಅವಳ ಸೆರಗು ಜಗ್ಗುತ್ತಿತ್ತು. ಕುತ್ತಿಗೆಯ ಮಡಿಕೆ ತೆರೆದಾಗ ನನ್ನ ಎಣಿಕೆಗೆ ಎರಡು ಸಿಕ್ಕವು. ಅಕ್ಕ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

"ಇನ್ನೊಮ್ಮಿ ಖಾಲಿ ಓಡಿಸು," ಎಂದಳು. "ಆಮ್ಯಾಲೆ ಕರಿ ನನ್ನ. ನಾನ ನೋಡ್ತೇನಿ."

ನಾನು ಬಿಸಿನೀರಿಗೆ ತಿರುವಿ ಬಟನ್ ಒತ್ತಿದೆ. ಮಷಿನ್ ನೀರು ತುಂಬಿಕೊಳ್ಳತೊಡಗಿತು. ಅಕ್ಕ ಒಳಗೆ ಹೋಗದೆ ಅಲ್ಲೇ ಹೊಸ್ತಿಲ ಮೇಲೆ ಕೂತಳು.