ಸೊಂಟದಿಂದ ಬಂದ ದವಡೆ

ಸೊಂಟದ ಮೂಳೆ ತೆಗೆದು ದವಡೆಗೆ ಕೂರಿಸಿದರೆ ಕಟ್ಟಿಸಿದ ಹಲ್ಲು ಸಾಯುವವರೆಗೂ ಅಲ್ಲಾಡುವುದಿಲ್ಲ ಎಂದು ನಮ್ಮ ಹೊಸೂರಿನ ಕಾರ್ಖಾನೆಯಲ್ಲಿ ಆಗ ಎಲ್ಲರೂ ನಂಬಿದ್ದರು. ಇದಕ್ಕೆ ಸಾಕ್ಷಿ ಒಬ್ಬನೇ, ಕೆಲಮಂಗಲದಿಂದ ಬರುತ್ತಿದ್ದ ಲೇತ್ ಕೆಲಸದ ಮುನಿಯಪ್ಪ. ಐದು ವರ್ಷದ ಹಿಂದೆ ಬೆಂಗಳೂರಿನಲ್ಲಿ ಆ ಆಪರೇಷನ್ ಮಾಡಿಸಿಕೊಂಡಿದ್ದ.

ನನ್ನ ದವಡೆಯೂ ಸವೆದಿತ್ತು. ಬಾಯಿ ಬಿಟ್ಟರೆ ಕೆಳಗಿನ ಹಲ್ಲಿನ ಸೆಟ್ಟು ಮೇಲೇಳುತ್ತಿತ್ತು. ಎಂ.ಎ. ಓದಿದ ನಾನು ಕ್ಯಾಂಟೀನಿನಲ್ಲಿ ಮೊಸರನ್ನ ಕಲಸುತ್ತ ಕೂತಿದ್ದರೆ, ಮುನಿಯಪ್ಪ ಮನೆಯಿಂದ ತಂದ ಮಟನ್ ಸಾರಿನಲ್ಲಿ ಎರಡು ಮುದ್ದೆ ಮುಗಿಸುತ್ತಿದ್ದ.

"ನೋಡ್ಕಳಿ ಸಾ, ಹಲ್ಲು ಅಂದ್ರೆ ಅದು," ಎಂದು ಪಕ್ಕದವರು ನನಗೆ ಹೇಳುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು. ಅವನು ಮಾಂಸದ ತುಂಡುಗಳನ್ನು ಅವರ ತಟ್ಟೆಗೆ ಹಾಕುವುದನ್ನು ಅವರು ದೊಡ್ಡ ಮನಸ್ಸು ಎಂದುಕೊಂಡಿದ್ದರು. ನಾನು ಅದನ್ನು ಜಂಬ ಎಂದುಕೊಂಡಿದ್ದೆ.

ಕೊನೆಗೆ ನಾನೂ ಆಪರೇಷನ್ನಿಗೆಂದು ಒಂದು ತಿಂಗಳ ರಜೆ ಬರೆದುಕೊಟ್ಟು, ಡಾಕ್ಟರ ವಿಳಾಸ ಕೇಳಲು ಅವನ ಬಳಿಗೆ ಹೋದೆ.

"ಸುಮ್ನೆ ಯಾಕ್ ಸಾ ಸೊಂಟ ಕುಯ್ಸ್ಕೊಂತೀರ? ನಂಗಿಟ್ಟ ಮೂಳೆ ಮೂರೇ ವರ್ಸಕ್ಕೆ ಕರಗೋಯ್ತು. ಈಗ ನಿಮ್ ದವಡೇನೂ ನಮ್ ದವಡೇನೂ ಒಂದೇ."

"ಮತ್ತೆ ದಿನಾ ಎರಡೆರಡು ಮುದ್ದೆ ತಿಂತೀಯಲ್ಲಪ್ಪ?"

"ಅದಕ್ಕ್ ಹಲ್ಲ್ಯಾಕ್ ಸಾ?"

ರಜೆಯ ಅರ್ಜಿಯನ್ನು ವಾಪಸ್ ತೆಗೆದುಕೊಂಡೆ. ಅವನ ಹಲ್ಲನ್ನು ಹೊಗಳಿದವರೂ, ಕರುಬಿದ ನಾನೂ ಹುಟ್ಟಿದಾಗಿನಿಂದ ಮುದ್ದೆ ಕಂಡವರೇ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ.