ಬುಗುರಿ ಹಾರಿಸಿದ ವಿಮಾನ

ಡಿಪೋದ ಚಾಲಕರೆಲ್ಲ ಅವನನ್ನು ಕರೆಯುತ್ತಿದ್ದುದು ಬುಗುರಿ ಎಂದೇ. ಕೂತಲ್ಲಿ ಕೂರುವ ಜಾಯಮಾನದವನಲ್ಲ. ಸಿಗ್ನಲ್ಲಿನಲ್ಲಿ ಬಸ್ಸು ನಿಂತರೂ ಅವನ ಬೆರಳುಗಳು ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಲೇ ಇರುತ್ತಿದ್ದವು. ಅಂಥವನು ಒಂದು ಬೆಳಿಗ್ಗೆ ಡಿಪೋ ಅಂಗಳದಲ್ಲಿ ಕಣ್ಣು ಕತ್ತಲೆ ಬಂದು ನಿಂತ ಹಾಗೆಯೇ ಕುಸಿದ. ಪುಣ್ಯಕ್ಕೆ ಇನ್ನೂ ಬಸ್ಸು ಹತ್ತಿರಲಿಲ್ಲ. ವೈದ್ಯರು ಪರೀಕ್ಷೆಗಳನ್ನೆಲ್ಲ ಮಾಡಿಸಿ, "ಆರು ತಿಂಗಳು ಸ್ಟೇರಿಂಗ್ ಮುಟ್ಟಬೇಡಿ. ಅಷ್ಟರಲ್ಲಿ ಮತ್ತೆ ಹೀಗಾಗದಿದ್ದರೆ ನೋಡೋಣ" ಎಂದರು.

ಮನೆ ಸೇರಿದ ಬುಗುರಿ ಸುಮ್ಮನಿರುತ್ತಾನೆಯೇ? ಸೋರದ ನಲ್ಲಿಯನ್ನು ಬಿಚ್ಚಿ ಸೋರುವಂತೆ ಮಾಡಿದ. ತಣ್ಣಗೆ ತಿರುಗುತ್ತಿದ್ದ ಫ್ಯಾನನ್ನು ಇಳಿಸಿ ಎಣ್ಣೆ ಬಿಟ್ಟ, ಅದು ಕಿರಗುಟ್ಟತೊಡಗಿತು. ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಮಾಡಿ ಸುಸ್ತಾಗಿ ಬರುವ ಹೆಂಡತಿಗೆ ಮನೆಗೆ ಬರುವುದೆಂದರೇ ತಲೆನೋವಾಯಿತು. ಕೊನೆಗೆ ಅವಳು ತನ್ನ ತಮ್ಮನ ಮನೆಯ ಅಟ್ಟದಲ್ಲಿ ದೂಳು ತಿನ್ನುತ್ತಿದ್ದ ಪೆಟ್ಟಿಗೆಯೊಂದನ್ನು ತಂದು ಅವನ ಮುಂದಿಟ್ಟಳು.

"ತಗೊಳ್ಳಿ. ಇದರಲ್ಲಿ ಬಿಚ್ಚೋದು ಏನೂ ಇಲ್ಲ, ಜೋಡಿಸೋದಷ್ಟೇ. ನನ್ನ ಮನೆ ಉಳ್ಕೊಳ್ಳುತ್ತೆ."

ಆಟದ ವಿಮಾನ ಕಟ್ಟುವ ಸಾಮಗ್ರಿ ಅದು. ಊದಿದರೆ ಹಾರುವಷ್ಟು ಹಗುರವಾದ ಬಾಲ್ಸಾ ಮರದ ತೆಳು ಹಲಗೆಗಳು, ಕಡ್ಡಿಗಳು, ಜೊತೆಗೆ ಮುಷ್ಟಿಗಾತ್ರದ ಒಂದು ಎಂಜಿನ್. ಬುಗುರಿ ಮರವನ್ನು ಮುಟ್ಟುವ ಮೊದಲೇ ಎಂಜಿನ್ನನ್ನು ಬಾಲ್ಕನಿಯ ಕಂಬಿಗೆ ಬಿಗಿದು ಚಾಲೂ ಮಾಡಿದ. ಕಿವಿ ಹರಿಯುವಂಥ ಸದ್ದು, ಸುಟ್ಟೆಣ್ಣೆಯ ಹೊಗೆ. ಒಣಹಾಕಿದ್ದ ಬಟ್ಟೆಯ ಮೇಲೆಲ್ಲ ಜಿಡ್ಡು ಸಿಡಿಯಿತು. ಕೆಳಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

ಸುದ್ದಿ ಕೇಳಿ ಬಂದ ಹೆಂಡತಿಯ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಜಿನ್ ಬಿಡಿ ಭಾವ, ಕರೆಂಟ್ ಮೋಟಾರು ಕೂರಿಸಿ. ಮೋಟಾರು, ಬ್ಯಾಟರಿ, ರಿಮೋಟು ಎಲ್ಲ ನಾನು ಕೊಡ್ತೀನಿ."

ಹೇಳಿದಷ್ಟು ಸಲೀಸಾಗಿರಲಿಲ್ಲ ಅದು. ಎಂಜಿನ್ನಿಗೆಂದೇ ಕಟ್ಟಿದ ಮೂತಿಯಲ್ಲಿ ಮೋಟಾರು ಗಿಡ್ಡವಾಗಿ, ಪಂಖ ಮೂತಿಗೇ ಉಜ್ಜುತ್ತಿತ್ತು. ಪ್ಲೈವುಡ್ಡಿನ ಪುಟ್ಟ ಡಬ್ಬಿ ಮಾಡಿ ಅದನ್ನು ಮುಂದಕ್ಕೆ ತಂದ. ಎಣ್ಣೆ ಟ್ಯಾಂಕಿನ ಗೂಡಿಗೆ ಬ್ಯಾಟರಿ ಹಿಡಿಸಲಿಲ್ಲ, ಅಡ್ಡಹಲಗೆ ಕೊರೆದ. ಚಾರ್ಜು ಮುಗಿದಾಗಲೆಲ್ಲ ರೆಕ್ಕೆ ಬಿಚ್ಚಬೇಕಾಗುತ್ತದೆಂದು ಹೊಟ್ಟೆಯಡಿ ಒಂದು ಬಾಗಿಲು ಕತ್ತರಿಸಿದ. ರೆಕ್ಕೆಗಳ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ಬಾಲ ನೆಲಕ್ಕೆ ವಾಲುತ್ತಿತ್ತು, ಮೋಟಾರು ಅಷ್ಟು ಹಗುರ. ಬ್ಯಾಟರಿಯನ್ನು ಮುಂದೆ ಮುಂದೆ ತಳ್ಳುತ್ತ ತೂಕ ಸರಿಮಾಡಿದ. ಅಂಟು ಒಣಗುವವರೆಗೆ ಕಾಯುವುದೇ ಅವನಿಗೆ ಶಿಕ್ಷೆ. ಊದುತ್ತಿದ್ದ, ಬೀಸುತ್ತಿದ್ದ, ಎದ್ದು ಮನೆಯೆಲ್ಲ ಸುತ್ತಿ ಬಂದು ಮತ್ತೆ ಮುಟ್ಟಿ ನೋಡುತ್ತಿದ್ದ.

ಹಾಗೆ ಒಂದು ಮಧ್ಯಾಹ್ನ ರೆಕ್ಕೆಯ ಮೇಲೆ ಬಗ್ಗಿದ್ದವನಿಗೆ ಮತ್ತೆ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ಕೆನ್ನೆ ರೆಕ್ಕೆಗೆ ಅಂಟಿತ್ತು, ಅಡಿಯಲ್ಲಿ ಕಡ್ಡಿಗಳು ಪುಡಿಯಾಗಿದ್ದವು. ಬಿಡಿಸಿಕೊಂಡು ಮುಖ ತೊಳೆದ. ಸಂಜೆ ಹೆಂಡತಿಗೆ, "ಕೈಜಾರಿ ಬಿತ್ತು ಕಣೇ" ಎಂದ. ಅಂದಿನಿಂದ ಅವನಿಗೆ ನಿದ್ದೆ ಹತ್ತಲಿಲ್ಲ. ಮುರಿದ ಕಡ್ಡಿಗಳನ್ನು ಕೂಡಿಸುತ್ತ, ಉಜ್ಜುತ್ತ, ಆ ವಿಷಯ ಮನಸ್ಸಿಗೆ ಬಂದಾಗಲೆಲ್ಲ ಉಪ್ಪುಕಾಗದವನ್ನು ಇನ್ನಷ್ಟು ಜೋರಾಗಿ ಆಡಿಸುತ್ತಿದ್ದ.

ಕೊನೆಯ ಕೆಲಸ ರೆಕ್ಕೆಗೆ ತೆಳುಹಾಳೆ ಹೊದಿಸುವುದು. ಬಿಸಿ ತಾಗಿದರೆ ಅಂಟಿಕೊಂಡು ಬಿಗಿಯಾಗುವ ಹಾಳೆ, ಇಸ್ತ್ರಿಪೆಟ್ಟಿಗೆಯೇ ಬೇಕು. ಅವನು ಎರಡು ಹಾಳೆ ಸುಟ್ಟ ಮೇಲೆ, "ಸರೀರಿ ಆಚೆ" ಎಂದು ಹೆಂಡತಿ ಕೂತಳು. ಹಾಳೆ ಹಾಸುವ ಮುನ್ನ ರೆಕ್ಕೆ ಸವರುತ್ತಿದ್ದ ಅವಳ ಬೆರಳು ರಿಪೇರಿಯಾದ ಕಡೆ ನಿಂತಿತು.

"ರೀ, ಈ ರೆಕ್ಕೆ ಹೇಗೆ ಮುರೀತು ಅಂದ್ರಿ?"

"ಹೇಳಿದ್ನಲ್ಲೇ, ಕೈಜಾರಿ ಬಿತ್ತು ಅಂತ."

"ಕೈಜಾರಿ ಬಿದ್ದ ರೆಕ್ಕೆಗೆ ಗಡ್ಡ ಬರುತ್ತಾ?"

ಒಣಗಿದ ಅಂಟಿನೊಳಗೆ ಬಿಳಿ ಕೂದಲು ನಾಲ್ಕಾರು ಸಿಕ್ಕಿಕೊಂಡಿದ್ದವು. ಬುಗುರಿ ನಗಲು ಹೋದ, ಆಗಲಿಲ್ಲ. "ಒಂದೇ ಸಲ ಕಣೇ. ನಿನ್ನಾಣೆ" ಎಂದ.

ಅವಳು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತಳು. ಕೂಗಾಡಲಿಲ್ಲ. "ಬಸ್ಸಲ್ಲಿ ನೀವೊಬ್ಬರೇ ಇರ್ತೀರಾ?"

ಮರುದಿನ ಬುಗುರಿ ತಾನೇ ಹೋಗಿ ವೈದ್ಯರಿಗೆ ಹೇಳಿಬಂದ. ಸ್ಟೇರಿಂಗ್ ಆಸೆ ಅಲ್ಲಿಗೆ ಮುಗಿಯಿತು. ಡಿಪೋದವರು ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಕೆಲಸ ಕೊಟ್ಟರು. ಬೇರೆಯವರು ಬಸ್ಸು ತಿರುಗಿಸಿ ಗೇಟು ದಾಟಿಸುವುದನ್ನು ನೋಡುತ್ತ ನಿಲ್ಲುವಾಗ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮನೆಗೆ ಬಂದರೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹೆಂಡತಿ ಮಾತ್ರ ತನ್ನ ಪಾಡಿಗೆ ತಾನು ರೆಕ್ಕೆಗೆ ಹಾಳೆ ಹೊದಿಸಿ ಮುಗಿಸಿದಳು, ಎಲ್ಲೂ ಒಂದು ಸುಕ್ಕಿಲ್ಲದಂತೆ.

ರಜೆಯ ದಿನ ಮೂವರೂ ಊರಾಚೆಯ ಬಯಲಿಗೆ ಹೋದರು. ಹೆಂಡತಿಯ ತಮ್ಮ ವಿಮಾನವನ್ನು ಗಾಳಿಗೆದುರಾಗಿ ಎಸೆದ. ಬುಗುರಿ ರಿಮೋಟು ಹಿಡಿದಿದ್ದ. ಸೊಳ್ಳೆಯಂತೆ ಗುಂಯ್‌ಗುಟ್ಟುತ್ತ ಅದು ಮೇಲೇರಿತು. ಎಡಕ್ಕೆ ವಾಲಿದಾಗ ಬಲಕ್ಕೆ ಎಳೆದ, ಬಲಕ್ಕೆ ವಾಲಿದಾಗ ಎಡಕ್ಕೆ. ಎಳೆದಷ್ಟೂ ಅದು ಕುಡಿದವನಂತೆ ಓಲಾಡಿತು.

"ಭಾವ, ಕೈ ಬಿಡಿ! ಅದೇ ಸರಿಹೋಗುತ್ತೆ!"

ಬೆರಳು ಕೇಳಬೇಕಲ್ಲ! ವಿಮಾನ ಮೂತಿ ಕೆಳಗಾಗಿ ಇಳಿಯತೊಡಗಿತು. ಹೆಂಡತಿ ಅವನ ಮೊಣಕೈ ಹಿಡಿದು, "ಬಿಡ್ರೀ" ಎಂದಳು. ಅವನು ಎರಡೂ ಹೆಬ್ಬೆರಳು ಎತ್ತಿದ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ವಿಮಾನ ತಾನಾಗಿಯೇ ಮೂತಿ ಎತ್ತಿ ನೆಟ್ಟಗಾಗಿ, ಬಯಲಿನ ಮೇಲೆ ದೊಡ್ಡದೊಂದು ಸುತ್ತು ಹಾಕಿತು.

ಇಳಿಸುವಾಗ ಪಂಖ ಮುರಿಯಿತು. ಬುಗುರಿ ಹುಲ್ಲಿನಲ್ಲಿ ಓಡಿದ.

"ಓಡಬೇಡ್ರೀ!" ಹಿಂದಿನಿಂದ ಕೂಗು ಬಂತು. ಓಟ ನಿಲ್ಲಿಸಿ ದಾಪುಗಾಲು ಹಾಕಿದ. ಹೊಟ್ಟೆಯ ಬಾಗಿಲು ತೆರೆದು ಬೆಚ್ಚಗಿದ್ದ ಬ್ಯಾಟರಿಯನ್ನು ಮುಟ್ಟಿ, "ಇದಿನ್ನೂ ಒಂದು ಬೆರಳು ಮುಂದೆ ಹೋಗಬೇಕು" ಎಂದ.

"ಮೊದಲು ಕೂತ್ಕೊಳ್ಳಿ" ಎಂದಳು ಹೆಂಡತಿ ಏದುಸಿರು ಬಿಡುತ್ತ.

ಕೂತ. ವಿಮಾನ ತೊಡೆಯ ಮೇಲಿತ್ತು, ಮೊಣಕಾಲೆರಡೂ ಕುಣಿಯುತ್ತಲೇ ಇದ್ದವು.